ಸೂರಿನ ತಂಪು



1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಆ ಬಗೆಯ ಹೆಂಚು ಘಟ್ಟವೇರಿ ಮಲೆನಾಡಿನ ಸೂರಾಯಿತು. ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ. ಅಟ್ಟವು ಮಾಡಿನ ಕಾವನ್ನು ಕೆಳಗಿಳಿಯಗೊಡದು. ಕಾಂಕ್ರೀಟ್ ತಾರಸಿಯಾದರೋ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಆಗ ಮನೆಯವರು ಏಸಿಯನ್ನು ಅರಸುತ್ತಾರೆ. ಒಂದೂವರೆ ಟನ್ನಿನ ಏಸಿ ಸುಮಾರು 1,500 ವ್ಯಾಟ್ ಬೇಡುತ್ತದೆ; ಸಾಮಾನ್ಯ ಫ್ಯಾನಿಗೆ ಸುಮಾರು 75 ವ್ಯಾಟ್ ಸಾಕು.

ತಾರಸಿ ಕಟ್ಟಿಸಿದವರಿಗೂ ದಾರಿಯುಂಟು. ಮೇಲೆ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ. ಪಡುವಣ ಗೋಡೆಗೆ ಅಡಕೆ ಸೋಗೆಯ ಚಪ್ಪರವಿರಲಿ. ಕಿಟಕಿಗಳನ್ನು ರಾತ್ರಿ ತೆರೆದು, ಬಿಸಿಲೇರುವ ಮುನ್ನ ಮುಚ್ಚಬೇಕು.

ಅಂಗಳದಂಚಿನ ಹಲಸನ್ನು ಕಡಿದು ಮಾರಿದರೆ ಹಣ ಒಮ್ಮೆ ಕೈಸೇರುತ್ತದೆ. ನೆರಳು ಕಳೆದುಕೊಂಡ ಮನೆಗೆ ಕರೆಂಟು ಬಿಲ್ಲು ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಕೊಡಲಿ ಎತ್ತುವ ಮೊದಲು ಈ ಲೆಕ್ಕವಾಗಲಿ.