ರಾಯಭಾರಿಗಳು ಹೊರಟು ನಿಂತಾಗ



ವಿದೇಶಕ್ಕೆ ಹೊರಡುವ ನಮ್ಮ ಕಲಾತಂಡಗಳು ಈಗ ವಿಮಾನ ಹತ್ತುವುದು ದೇವನಹಳ್ಳಿಯಲ್ಲಿ. 2008ರಲ್ಲಿ ಆರಂಭವಾದ ಆ ನಿಲ್ದಾಣದ ಸಮೀಪದಲ್ಲೇ ದೇವನಹಳ್ಳಿಯ ಹಳೆಯ ಕೋಟೆಯಿದೆ. ಟಿಪ್ಪು ಸುಲ್ತಾನ್ ಹುಟ್ಟಿದ್ದು ಆ ಊರಿನಲ್ಲಿ. ಅವನು 1787ರಲ್ಲಿ ಫ್ರಾನ್ಸಿಗೆ ಒಂದು ತಂಡ ಕಳುಹಿಸಿದ್ದ. ಆ ತಂಡದ ಕಡೆಯ ದಿನಗಳ ಬಗ್ಗೆ ಇಂದು ನಾಲ್ಕು ಮಾತು.

ಪ್ರವಾಸದ ದೃಶ್ಯಗಳು ಸಂಕಲನಕ್ಕೆ ಬಂದಾಗ ನಾನು ಒಂದನ್ನು ಗಮನಿಸಿದ್ದೇನೆ. ಮೊದಲ ದಿನಗಳ ಚಿತ್ರಗಳು ಧಾರಾಳವಾಗಿರುತ್ತವೆ. ಕಡೆಯ ದಿನಗಳವು ಬೆರಳೆಣಿಕೆಯಷ್ಟು. ಏನು ಬಯಸಿ ಹೋದೆವು, ಏನು ದಕ್ಕಿತು ಎಂಬ ಲೆಕ್ಕ ಸಿಗುವುದು ಮಾತ್ರ ಆ ಕಡೆಯ ದಿನಗಳಲ್ಲೇ.

ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್ – ಈ ಮೂವರು ರಾಯಭಾರಿಗಳು ಪರಿವಾರದೊಡನೆ 1787ರ ಜುಲೈನಲ್ಲಿ ಪಾಂಡಿಚೇರಿಯಿಂದ ಹೊರಟರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಹಾಗಾಗಿ ಹಾಯಿಹಡಗು ಇಡೀ ಆಫ್ರಿಕವನ್ನು ಸುತ್ತಿಕೊಂಡು ಹೋಗಬೇಕಿತ್ತು. ತೂಲೋನ್ ಬಂದರು ತಲುಪುವಾಗ 1788ರ ಜೂನ್ ಆಗಿತ್ತು. ಪ್ಯಾರಿಸ್ಸಿನಲ್ಲಿ ಅವರನ್ನು ನೋಡಲು ಜನಜಾತ್ರೆ. ಅದು ರಾಜಕೀಯ ನಿಯೋಗವೇ ಸರಿ. ಆದರೆ ಮೈಸೂರು ಸೀಮೆಯ ಉಡುಪು, ಊಟ, ರೀತಿ ರಿವಾಜುಗಳನ್ನು ಅಲ್ಲಿನ ಜನ ಕಣ್ಣಾರೆ ಕಂಡದ್ದು ಇವರಿಂದ.

ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನವಾಯಿತು. ಬೇಡಿಕೆ ದೊಡ್ಡದು: ಬ್ರಿಟಿಷರ ವಿರುದ್ಧ ಸೈನ್ಯದ ನೆರವು. ಜೊತೆಗೆ ಬಂದೂಕು ತಯಾರಕರು, ಗಡಿಯಾರ ತಯಾರಕರು, ಗಾಜಿನ ಕೆಲಸದವರು, ವೈದ್ಯರು, ತೋಟಗಾರರು, ಗಿಡ ಮತ್ತು ಬೀಜಗಳು. ಈ ಎರಡನೆಯ ಪಟ್ಟಿಯನ್ನು ಓದಿದಾಗಲೆಲ್ಲ ವಿಜ್ಞಾನ ಓದಿದ ನನಗೆ ಕುತೂಹಲ ಹೆಚ್ಚುತ್ತದೆ. ಸಿದ್ಧವಸ್ತು ಸಾಲದು, ಅದನ್ನು ಮಾಡುವ ಕೈಗಳೇ ಬೇಕು ಎಂದು ಕೇಳಿದ ಪಟ್ಟಿ ಅದು.

ಕೇಳಿದ ಕಾಲ ಮಾತ್ರ ಸರಿಯಿರಲಿಲ್ಲ. 1783ರ ಒಪ್ಪಂದದಂತೆ ಫ್ರಾನ್ಸ್ ಮತ್ತು ಬ್ರಿಟನ್ನಿನ ನಡುವೆ ಶಾಂತಿಯಿತ್ತು. ಬೊಕ್ಕಸ ಬರಿದಾಗಿತ್ತು. ದರ್ಶನವಾದ ಆರೇ ದಿನಕ್ಕೆ, ಆಗಸ್ಟ್ 16ರಂದು, ಸರ್ಕಾರ ತನ್ನ ಸಾಲದ ಪಾವತಿಯನ್ನೇ ನಿಲ್ಲಿಸಿತು. ಅಂಥ ಮನೆಯಲ್ಲಿ ಅತಿಥಿಗಳು ಎಷ್ಟು ದಿನ ಉಳಿದಾರು? ಹೊರಡುವ ದಿನ ಬಂದಾಗ ಅವರ ಕೈಯಲ್ಲಿದ್ದದ್ದು ಸ್ನೇಹದ ಮಾತು, ಸೆವ್ರ್ ಕಾರ್ಖಾನೆಯ ಪಿಂಗಾಣಿಯ ಉಡುಗೊರೆ. ಕೆಲವು ಕುಶಲಕರ್ಮಿಗಳೂ ದೊರೆತರು. ಸೈನ್ಯ ದೊರೆಯಲಿಲ್ಲ.

ಈ ದಿನಗಳ ಒಂದು ಸ್ವಾರಸ್ಯದ ಪ್ರಸಂಗ ಉಳಿದಿದೆ. ಚಿತ್ರಕಾರ್ತಿ ಎಲಿಜಬೆತ್ ವಿಜೀ ಲ ಬ್ರೂನ್ ದರ್ವೇಶ್ ಖಾನರ ಆಳೆತ್ತರದ ಚಿತ್ರ ಬರೆದಳು. ಆಕೆಗಾಗ 33 ವರ್ಷ. ದೊರೆಯೇ ಕೇಳಿದರೆ ಮಾತ್ರ ಬರೆಸಿಕೊಳ್ಳುತ್ತೇವೆಂದು ರಾಯಭಾರಿಗಳು ಹೇಳಿದ್ದರಂತೆ. ದೊರೆಯ ಒಪ್ಪಿಗೆಯೂ ಬಂತು. ಬಣ್ಣ ಒಣಗಿದ ಮೇಲೆ ತರಿಸಿಕೊಳ್ಳಲು ನೋಡಿದರೆ ಚಿತ್ರವೇ ಇಲ್ಲ! ದರ್ವೇಶ್ ಖಾನ್ ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟಿದ್ದರು. ಅದಕ್ಕಿನ್ನೂ ಜೀವ ಬರಬೇಕು ಎಂದರಂತೆ. ಆಕೆ ಉಪಾಯದಿಂದ ಅದನ್ನು ಸಾಗಿಸಿಕೊಂಡಳು. ರಾಯಭಾರಿಯ ಸಿಟ್ಟು ಸೇವಕನ ಮೇಲೆ ತಿರುಗಿತು. ಚಿತ್ರವನ್ನು ದೊರೆಯೇ ಬಯಸಿದ್ದಾರೆಂದು ಹೇಳಿ ದುಭಾಷಿ ಸಮಾಧಾನಪಡಿಸಬೇಕಾಯಿತು.

ಇದನ್ನು ಹೇಳಿದವಳು ಆ ಚಿತ್ರಕಾರ್ತಿಯೇ. ಅವಳ ನೆನಪುಗಳು ಅಚ್ಚಾದದ್ದು 1830ರ ದಶಕದಲ್ಲಿ, ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಸ್ವಲ್ಪ ಉಪ್ಪು ಖಾರ ಬೆರೆತಿರಬಹುದು. ದರ್ವೇಶ್ ಖಾನರನ್ನು ನೋಡಿ ನಗುವುದು ಸುಲಭ. ಆದರೆ ನಿಮ್ಮ ಮುಖವನ್ನು ಪರದೇಶದವರು ಶಾಶ್ವತವಾಗಿ ಇಟ್ಟುಕೊಳ್ಳುತ್ತಾರೆ ಎಂದಾಗ ನೀವೇನು ಮಾಡುತ್ತಿದ್ದಿರಿ? ಕ್ಯಾಮೆರಾ ಹಿಡಿದು ಜನರ ಎದುರು ನಿಲ್ಲುವ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ.

ಅಕ್ಟೋಬರಿನಲ್ಲಿ ತಂಡ ಪ್ಯಾರಿಸ್ ಬಿಟ್ಟಿತು. ನವೆಂಬರಿನಲ್ಲಿ ಬ್ರೆಸ್ಟ್ ಬಂದರಿನಿಂದ ಹಡಗೇರಿತು. 1789ರ ಮೇ ತಿಂಗಳಲ್ಲಿ ಅವರು ಪಾಂಡಿಚೇರಿಯಲ್ಲಿದ್ದರು. ಅದೇ ಜುಲೈ 14ರಂದು ಬಾಸ್ಟೀಲ್ ಸೆರೆಮನೆ ಜನರ ಕೈಗೆ ಬಿತ್ತು. ಆ ಕೋಲಾಹಲದ ವರ್ಷದಲ್ಲೇ ದರ್ವೇಶ್ ಖಾನರ ಚಿತ್ರ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ತೂಗಿತು. 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 70 ಲಕ್ಷ ಡಾಲರಿಗೂ ಮಿಕ್ಕಿ. ಚಿತ್ರದಲ್ಲಿ ಅವರು ಈಗಲೂ ಕತ್ತಿಯ ಮೇಲೆ ಕೈಯಿಟ್ಟು, ಹೂಬಳ್ಳಿಯ ಮಸ್ಲಿನ್ ಅಂಗಿಯಲ್ಲಿ ನಿಂತೇ ಇದ್ದಾರೆ.