ಕುರುಚಲು ಕಾಡಿಗೊಂದು ಸಾಕ್ಷಿ



ಬಾಬಾಬುಡನ್‌ಗಿರಿಯ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ, ವೇದಾವತಿಯಾಗಿ ಪೂರ್ವದ ಬಯಲಿಗೆ ಇಳಿಯುತ್ತವೆ. ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಆ ನೀರನ್ನು ತಡೆದು ಮೈಸೂರು ಸಂಸ್ಥಾನವು 1907ರಲ್ಲಿ ಪೂರೈಸಿದ ಅಣೆಕಟ್ಟೆಯೇ ವಾಣಿವಿಲಾಸ ಸಾಗರ. ಕಣಿವೆ ಮಾರಮ್ಮನ ನೆಲೆಯಾದುದರಿಂದ ಜನರ ಬಾಯಲ್ಲಿ ಅದು ಮಾರಿಕಣಿವೆ. ಮಲೆನಾಡಿನ ಮಳೆಗೂ ಬಯಲುಸೀಮೆಯ ಬಾಯಾರಿಕೆಗೂ ನಂಟು ಬೆಳೆದಿರುವ ಈ ಜಾಗ, ನಿಸರ್ಗ ಛಾಯಾಗ್ರಾಹಕನ ಕೆಲಸವೇನು ಎಂಬ ಪ್ರಶ್ನೆಯನ್ನು ಎತ್ತುವುದಕ್ಕೆ ತಕ್ಕುದಾಗಿದೆ.

ವನ್ಯಜೀವಿ ಛಾಯಾಗ್ರಹಣವೆಂದೊಡನೆ ಬಂಡೀಪುರದ ಹುಲಿ, ಕಬಿನಿಯ ಆನೆ, ರಂಗನತಿಟ್ಟಿನ ಬಕಪಕ್ಷಿಗಳು ಕಣ್ಣಮುಂದೆ ಬರುತ್ತವೆ. ಮಾರಿಕಣಿವೆಯ ಗುಡ್ಡಗಳಲ್ಲಿ ಅಂಥ ವೈಭವವಿಲ್ಲ. ಜಾಲಿ, ಬಂದರಿಕೆ, ತಂಗಡಿ, ಮುಳ್ಳುಕಂಟಿ, ಬಿಸಿಲಿಗೆ ಕಾದ ಬಂಡೆ. ವರ್ಷದ ಹೆಚ್ಚು ತಿಂಗಳು ಬೂದುಬಣ್ಣ. ಆದರೂ 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಕೈಗೊಂಡ ಸಲೀಂ ಅಲಿಯವರು ತಮ್ಮ ಬಿಡಾರಗಳಲ್ಲೊಂದನ್ನು ಮಾರಿಕಣಿವೆಯಲ್ಲಿ ಹೂಡಿದ್ದರು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಇಂಥ ಕುರುಚಲು ಕಾಡಿನ ಹಕ್ಕಿ. ಆ ಕಾಲದಲ್ಲಿ ಹಕ್ಕಿಯ ಇರವನ್ನು ಸಾಬೀತುಪಡಿಸಬೇಕಾದರೆ ಅದನ್ನು ಕೋವಿಯಿಂದ ಹೊಡೆದು, ಚರ್ಮವನ್ನು ಹದಗೊಳಿಸಿ, ಸ್ಥಳ ಮತ್ತು ದಿನಾಂಕದ ಚೀಟಿ ಕಟ್ಟಿ ಸಂಗ್ರಹಾಲಯದಲ್ಲಿ ಇಡಬೇಕಾಗಿತ್ತು. ಜೀವ ತೆಗೆಯದೆಯೇ ಅದೇ ಸಾಕ್ಷ್ಯವನ್ನು ಒದಗಿಸುವ ಸಾಧನವಾಗಿ ಮುಂದೆ ಕ್ಯಾಮೆರಾ ಬಂದಿತು. ಕೋವಿ ಹೋಯಿತು, ಸರಿ. ಆದರೆ ಆ ಚೀಟಿ ಹೋಗಬಾರದಿತ್ತು.

ಇಂದು ತೆಗೆಯಲಾಗುವ ಸಾವಿರಾರು ಚಿತ್ರಗಳಲ್ಲಿ ಹಕ್ಕಿಯ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಆದರೆ ಎಂದು, ಎಲ್ಲಿ, ಯಾವ ಗಿಡದ ಮೇಲೆ, ಏನು ಮಾಡುತ್ತಿದ್ದಾಗ ತೆಗೆದದ್ದು ಎಂಬ ವಿವರ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ವಿವರವಿಲ್ಲದ ಚಿತ್ರ ಗೋಡೆಗೆ ಅಲಂಕಾರವಾದೀತು, ಕಾಡಿಗೆ ಸಾಕ್ಷಿಯಾಗಲಾರದು. ನಿಸರ್ಗ ಛಾಯಾಗ್ರಾಹಕನಿಗೂ ಸಂರಕ್ಷಣಾ ಛಾಯಾಗ್ರಾಹಕನಿಗೂ ಇರುವ ಅಂತರ ಮಸೂರದ ಬೆಲೆಯಲ್ಲಿ ಇಲ್ಲ. ಅದು ಈ ಟಿಪ್ಪಣಿ ಪುಸ್ತಕದಲ್ಲಿದೆ.

ಕುರುಚಲು ಕಾಡಿಗೆ ಸಾಕ್ಷಿ ಏಕೆ ಬೇಕು? ಸರ್ಕಾರಿ ಕಡತಗಳಲ್ಲಿ ಇಂಥ ನೆಲಕ್ಕೆ ಬಹುಕಾಲದಿಂದ ಸಿಕ್ಕಿರುವ ಹೆಸರು ‘ಬಂಜರು’. ಬಂಜರೆಂದು ಬರೆದ ಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಚಿತ್ರದುರ್ಗದ ಬೆಟ್ಟಸಾಲುಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತವು. ಅವುಗಳನ್ನು ಸಾಗಿಸಲು ಇಳಿಜಾರನ್ನು ಸೀಳಿ ರಸ್ತೆಗಳಾದವು. ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿಗಾಗಿ ಗುಡ್ಡಗಳು ಬಗೆಯಲ್ಪಟ್ಟವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಬೆನ್ನಲ್ಲೇ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಬೇಕಾಯಿತು. ಅಗೆಯುವ ಮುನ್ನ ಆ ಗುಡ್ಡ ಹೇಗಿತ್ತು ಎಂದು ತೋರಿಸುವ ಚಿತ್ರ ಎಷ್ಟು ಗುಡ್ಡಗಳಿಗೆ ಇತ್ತು? ಚಿತ್ರವಿಲ್ಲದ ಗುಡ್ಡಕ್ಕೆ ಪೂರ್ವಚರಿತ್ರೆಯೇ ಇರುವುದಿಲ್ಲ.

ಸಾಕ್ಷ್ಯ ಸಿಕ್ಕಾಗ ಏನಾಗುತ್ತದೆಂಬುದಕ್ಕೆ ಉದಾಹರಣೆ ನೆರೆಯಲ್ಲಿಯೇ ಇದೆ. ಹಿರಿಯೂರಿಗೆ ಹೊಂದಿದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಕೂಡ ಇಂಥದೇ ಒಣ ಕುರುಚಲು. ಸಂಜಯ್ ಗುಬ್ಬಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅಲ್ಲಿ ಚಿಂಕಾರ ಇರುವುದು ಚಿತ್ರಸಹಿತ ದಾಖಲಾಯಿತು. ಕರ್ನಾಟಕದಲ್ಲಿ ಚಿಂಕಾರವೆಂದರೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಕಡೆಯ ಪ್ರಾಣಿ ಎಂದೇ ತಿಳಿದಿದ್ದವರಿಗೆ ಅದು ಹೊಸ ಸಂಗತಿ. 2019ರಲ್ಲಿ ಬುಕ್ಕಾಪಟ್ಟಣವು ಚಿಂಕಾರ ವನ್ಯಜೀವಿಧಾಮವೆಂದು ಘೋಷಿತವಾಯಿತು. ಮರಕ್ಕೆ ಕಟ್ಟಿದ, ಪ್ರಾಣಿ ಹಾದಾಗ ತಾನೇ ಮಿಟುಕುವ ಕ್ಯಾಮೆರಾದ ಚಿತ್ರಗಳು ಸೌಂದರ್ಯದ ಯಾವ ಸ್ಪರ್ಧೆಯಲ್ಲೂ ಗೆಲ್ಲುವುದಿಲ್ಲ. ಆದರೆ ದಿನಾಂಕ ಮತ್ತು ಸಮಯ ಅವುಗಳ ಅಂಚಿನಲ್ಲೇ ಅಚ್ಚಾಗಿರುತ್ತವೆ.

ಇನ್ನೊಂದು ನಿದರ್ಶನ ಮಲೆನಾಡಿಗೆ ಸೇರಿದ್ದು. ಕುದುರೆಮುಖದ ಗಣಿಗಾರಿಕೆಯ ವಿರುದ್ಧ ನಡೆದ ಹೋರಾಟದಲ್ಲಿ ಶೇಖರ್ ದತ್ತಾತ್ರಿ ಅವರು 2001ರಲ್ಲಿ ನಿರ್ಮಿಸಿದ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರವು ಕಡಿದ ಬೆಟ್ಟವನ್ನೂ ಕೆಂಪಾಗಿ ಹರಿಯುವ ಭದ್ರೆಯನ್ನೂ ಊರೂರಿನ ಜನರ ಮುಂದಿಟ್ಟಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು; 2005ರ ಅಂತ್ಯಕ್ಕೆ ಗಣಿ ನಿಂತಿತು. ಚಿತ್ರವೊಂದೇ ಗೆದ್ದಿತೆಂದರೆ ಅತಿಶಯೋಕ್ತಿ. ಮನವಿಗಳು, ಹೂಳಿನ ಅಧ್ಯಯನಗಳು, ವಕೀಲರ ವಾದ, ಹಳ್ಳಿಗರ ಪಾದಯಾತ್ರೆಗಳು ಅದರ ಜೊತೆಗಿದ್ದವು. ಬೆಂಗಳೂರು, ದೆಹಲಿಗಳಲ್ಲಿ ಕುಳಿತವರ ಕಣ್ಣಿಗೆ ಬೆಟ್ಟವನ್ನು ಒಯ್ದು ತೋರಿಸುವ ಕೆಲಸ ಮಾತ್ರ ಚಿತ್ರದಿಂದಲೇ ಆಗಬೇಕಿತ್ತು. ಭದ್ರಾ ಮೇಲ್ದಂಡೆ ಯೋಜನೆಯಿಂದಾಗಿ ಇತ್ತೀಚಿನ ವರ್ಷಗಳಲ್ಲಿ ಅದೇ ಭದ್ರೆಯ ನೀರು ಮಾರಿಕಣಿವೆಗೂ ಬಂದಿದೆ. ಆ ಬೆಟ್ಟಗಳ ಋಣ ಈಗ ಹಿರಿಯೂರಿನ ತೆಂಗಿನ ತೋಟಗಳ ಮೇಲೂ ಇದೆ.

ಕರ್ನಾಟಕದಲ್ಲಿ ಈ ವೃತ್ತಿಗೆ ಹಿರಿದಾದ ಪರಂಪರೆಯಿದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಫಿಲಂ ಸುರುಳಿಯ ಕಾಲದಲ್ಲಿ ದುಡಿದರು. ಒಂದು ಸುರುಳಿಗೆ ಮೂವತ್ತಾರು ಅವಕಾಶ. ಆದ್ದರಿಂದ ಗುಂಡಿ ಒತ್ತುವುದಕ್ಕಿಂತ ಕಾಯುವುದೇ ಅಂದಿನ ಮುಖ್ಯ ವಿದ್ಯೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನೇ ವರ್ಷಗಟ್ಟಲೆ ಹಿಂಬಾಲಿಸಿದರು. ಕೃಪಾಕರ-ಸೇನಾನಿ ಜೋಡಿಯು ಕಾಡುನಾಯಿಗಳಿಗಾಗಿ ವರ್ಷಗಳನ್ನೇ ಮುಡಿಪಾಗಿಟ್ಟು ತಯಾರಿಸಿದ ‘ದ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಸಂದಿತು. ಒಂದು ಕಾಲಕ್ಕೆ ಪೀಡೆಯೆಂದು ಬಗೆದು, ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ಪ್ರಾಣಿ ಅದು. ಕಡೆಗಣಿತ ಜೀವಿಯ ಮುಂದೆ ಬಹುಕಾಲ ಕುಳಿತರೆ ಜನರ ದೃಷ್ಟಿಯೇ ಬದಲಾಗಬಹುದೆಂಬ ಪಾಠ ಇದರಲ್ಲಿದೆ. ಕಡೆಗಣಿತ ಕಾಡಿಗೂ ಅದು ಅನ್ವಯಿಸುತ್ತದೆ.

ಸಾಕ್ಷಿಯಾದವನಿಗೆ ಸಂಯಮವೂ ಬೇಕು. ಗೂಡು ಚೆನ್ನಾಗಿ ಕಾಣಲೆಂದು ಅಡ್ಡದ ರೆಂಬೆಯನ್ನು ಕಡಿದರೆ, ಬಿಸಿಲು ಮರಿಯನ್ನು ಸುಡುತ್ತದೆ, ಕಾಗೆಗೆ ದಾರಿ ತೆರೆಯುತ್ತದೆ. ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ಕೇಳಿಸಿದರೆ, ಇಲ್ಲದ ಎದುರಾಳಿಯೊಡನೆ ಹೋರಾಡಿ ಹಕ್ಕಿ ಬಳಲುತ್ತದೆ. ಅಭಯಾರಣ್ಯದಲ್ಲಿ ಛಾಯಾಗ್ರಹಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನುಮತಿಯ ಕಟ್ಟುಪಾಡು ಹಾಕಿದೆ. 2022ರ ತಿದ್ದುಪಡಿಯು ಆವಾಸಕ್ಕೆ ಬದಲಾವಣೆಯಾಗಲಿ ಹಾನಿಯಾಗಲಿ ಆಗಕೂಡದೆಂದು ಸ್ಪಷ್ಟಪಡಿಸಿದೆ. ಅಭಯಾರಣ್ಯದ ಗಡಿಯಾಚೆ, ಊರಂಚಿನ ಗುಡ್ಡದಲ್ಲಿ, ಕಾಯುವುದು ಛಾಯಾಗ್ರಾಹಕನ ಆತ್ಮಸಾಕ್ಷಿಯೊಂದೇ.

ಸ್ಥಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಟಿಪ್ಪಣಿಯಲ್ಲಿ ಸ್ಥಳ ಖಚಿತವಾಗಿರಬೇಕು. ಪ್ರಕಟಣೆಯಲ್ಲಿ ಕೆಲವೊಮ್ಮೆ ಅದನ್ನು ಮರೆಮಾಚಲೇಬೇಕು. ನಕ್ಷತ್ರ ಆಮೆ, ಎರಡು ತಲೆಯ ಹಾವೆಂದು ಕರೆಯಲಾಗುವ ಮಣ್ಣುಮುಕ್ಕ ಹಾವು ಕಳ್ಳಸಾಗಣೆಗೆ ಗುರಿಯಾಗಿರುವ ಬಯಲುಸೀಮೆಯ ಜೀವಿಗಳು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ-ರೇಖಾಂಶ ಅಡಗಿರಬಹುದೆಂಬುದು ತೆಗೆದವನಿಗೆ ಗೊತ್ತಿಲ್ಲದಿದ್ದರೂ ಬೇಟೆಗಾರನಿಗೆ ಗೊತ್ತಿರುತ್ತದೆ. ವಿಜ್ಞಾನಿಗೆ ಮತ್ತು ಅರಣ್ಯ ಇಲಾಖೆಗೆ ಪೂರ್ಣ ವಿವರ, ಲೋಕಕ್ಕೆ ತಾಲ್ಲೂಕಿನ ಹೆಸರಷ್ಟೇ: ಇದು ಒಳ್ಳೆಯ ನಿಯಮ.

2022ರ ಸೆಪ್ಟೆಂಬರಿನಲ್ಲಿ, 1933ರ ಬಳಿಕ ಮೊದಲ ಬಾರಿಗೆ, ಮಾರಿಕಣಿವೆ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಿತು. ಜನ ಸಾಲುಗಟ್ಟಿ ಬಂದು ಚಿತ್ರ ತೆಗೆದರು. ಅಷ್ಟು ವರ್ಷ ಕಾದವರ ಸಂಭ್ರಮ ಸಹಜವೇ. ಅದೇ ಹೊತ್ತಿಗೆ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ತೋಟ-ಹೊಲಗಳಿಗೆ ನುಗ್ಗಿತ್ತು. ಆ ಅಂಚಿಗೆ ಹೋದ ಕ್ಯಾಮೆರಾಗಳು ಕಡಿಮೆ. ಮಳೆ ಸೋತ ವರ್ಷಗಳಲ್ಲಿ ಬಿರಿದ ಕೆರೆಯಂಗಳಕ್ಕೆ ಹೋದವು ಇನ್ನೂ ಕಡಿಮೆ. ತುಂಬಿದ ನೀರಿನ ಚಿತ್ರಕ್ಕೆ ಅರ್ಥ ಬರಬೇಕಾದರೆ ಅದರ ಪಕ್ಕದಲ್ಲಿ ಆ ಎರಡೂ ಚಿತ್ರಗಳಿರಬೇಕು.

ಆದುದರಿಂದ ಈ ಸೀಮೆಯ ಯುವಕ ಯುವತಿಯರಿಗೆ ಒಂದು ಸರಳ ಕೆಲಸವಿದೆ. ಬೆಲೆಬಾಳುವ ಮಸೂರ ಬೇಕಿಲ್ಲ. ಊರಿನ ಬಳಿಯ ಒಂದು ಗುಡ್ಡವನ್ನು ಆರಿಸಿಕೊಳ್ಳುವುದು. ಒಂದು ಬಂಡೆಯ ಮೇಲೆ ನಿಲ್ಲುವ ಜಾಗವನ್ನು ಗುರುತಿಸಿಕೊಳ್ಳುವುದು. ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ಅದೇ ಜಾಗದಿಂದ ಅದೇ ದಿಕ್ಕಿಗೆ ಒಂದೊಂದು ಚಿತ್ರ ತೆಗೆದು, ದಿನಾಂಕ ಬರೆದು, ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಡುವುದು. ಅಲ್ಲಿ ಕಂಡ ಹಕ್ಕಿ, ಹೂ, ಹೆಜ್ಜೆಗುರುತುಗಳನ್ನು, ಕುರಿಗಾಹಿಗಳು ಅವಕ್ಕೆ ಹೇಳುವ ಹೆಸರುಗಳನ್ನು ಅದರೊಡನೆ ಸೇರಿಸುವುದು. ಇದರಿಂದ ಹಣ ಬರದು, ಪ್ರಶಸ್ತಿಯೂ ಬರಲಿಕ್ಕಿಲ್ಲ. ಹತ್ತು ವರ್ಷಗಳ ಬಳಿಕ ಯಾರಾದರೂ ಆ ಗುಡ್ಡದ ನಕ್ಷೆ ಹಿಡಿದು ಬಂದು ‘ಇದು ಬಂಜರು, ಇಲ್ಲಿ ಏನೂ ಇಲ್ಲ’ ಎಂದಾಗ, ಗ್ರಾಮಸಭೆಯ ಮೇಜಿನ ಮೇಲೆ ಇಡುವುದಕ್ಕೆ ಮೂವತ್ತು ಚಿತ್ರಗಳಿರುತ್ತವೆ.