ಬೇಬಿ ಡಾಡ್ಸ್‌ನ ತಾಳ

ಅಮ್ಮನ ಕುರ್ಚಿಯ ಅಡ್ಡಗೋಲುಗಳನ್ನೇ ಕಿತ್ತು ಬಡಿಗೋಲು ಮಾಡಿ, ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಕೊರೆದು ಡ್ರಮ್ ಮಾಡಿಕೊಂಡ ಹುಡುಗ ವಾರೆನ್ ಡಾಡ್ಸ್. ಊರು ಅಮೆರಿಕದ ನ್ಯೂ ಆರ್ಲಿಯನ್ಸ್. ಲೋಕಕ್ಕೆ ಆತ ಜಾಝ್ ಡ್ರಮ್ ವಾದಕ 'ಬೇಬಿ' ಡಾಡ್ಸ್. ಅಣ್ಣ ಜಾನಿ ಹೆಸರಾಂತ ಕ್ಲಾರಿನೆಟ್ ವಾದಕ.

ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಫೇಟ್ ಮರಾಬಲ್ ತಂಡದೊಂದಿಗೆ ನುಡಿಸಿ ಪಳಗಿದ ಬೇಬಿ, ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಕಾರ್ನೆಟ್ ವಾದಕ ಕಿಂಗ್ ಆಲಿವರ್ ತಂಡ ಸೇರಿದ. 1923ರಲ್ಲಿ ಆ ತಂಡ ಇಂಡಿಯಾನಾದ ರಿಚ್‌ಮಂಡ್‌ನಲ್ಲಿ ಧ್ವನಿಮುದ್ರಣಕ್ಕೆ ಕೂತಿತು. ಆಗ ಅಲ್ಲಿ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಂದರ ಮುಂದೆ ನುಡಿಸಬೇಕು; ಅದರೊಳಗೆ ಹೋದ ಸದ್ದು ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ದೊಡ್ಡ ಡ್ರಮ್ಮಿನ ಒಂದೇ ಪೆಟ್ಟಿಗೆ ಸೂಜಿ ಎಗರಿಬಿಡುವ ಭಯ. ಹಾಗಾಗಿ ಬೇಬಿಗೆ ಹೆಚ್ಚಾಗಿ ದಕ್ಕಿದ್ದು ಟೊಳ್ಳು ಮರದ ತುಂಡಿನ ಟಕಟಕ ಮಾತ್ರ. ಆ ಕಾಲದ ಡ್ರಮ್ ವಾದಕರಿಗೆಲ್ಲ ಆದ ದೊಡ್ಡ ಅನ್ಯಾಯವಿದು. ಸಭಿಕರು ಕುಣಿದ ತಾಳ ತಟ್ಟೆಗೆ ಇಳಿಯಲೇ ಇಲ್ಲ.

1927ರಲ್ಲಿ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ನ 'ಹಾಟ್ ಸೆವೆನ್' ತಂಡಕ್ಕೂ ಬೇಬಿಯೇ ತಾಳಗಾರ. ಒಂದೇ ಲಯವನ್ನು ಯಾಂತ್ರಿಕವಾಗಿ ಬಡಿಯುವುದು ಆತನ ರೀತಿಯಲ್ಲ. ಕ್ಲಾರಿನೆಟ್‌ಗೆ ಒಂದು ಬಗೆ, ಕಾರ್ನೆಟ್‌ಗೆ ಇನ್ನೊಂದು ಬಗೆ. ಜೊತೆಗಾರನನ್ನು ಕೇಳಿಯೇ ಕೈ ಆಡಿಸುತ್ತಿದ್ದ. ಜೀನ್ ಕ್ರೂಪಾನಂಥ ಕಿರಿಯ ಡ್ರಮ್ ವಾದಕರು ಆತನನ್ನು ನೋಡಿ ಕಲಿತರು.

ನ್ಯಾಯ ಸಿಕ್ಕಿದ್ದು ತಡವಾಗಿ. 1946ರಲ್ಲಿ ಬೇಬಿ ಒಬ್ಬನೇ ಕೂತು, ತನ್ನ ವಾದನವನ್ನು ತಾನೇ ಮಾತಿನಲ್ಲಿ ವಿವರಿಸುತ್ತ ನುಡಿಸಿದ್ದನ್ನು ಮುದ್ರಿಸಿಕೊಳ್ಳಲಾಯಿತು. ಫೋಕ್‌ವೇಸ್ ಸಂಸ್ಥೆ ಹೊರತಂದ ಆ ಮುದ್ರಿಕೆಯನ್ನು ಬಿಡುವಾದಾಗ ಒಮ್ಮೆ ಕೇಳಿ.